ಚಿಗವ್ವ ಗುಡ್ಡ ಇಳಿದದ್ದು

ಮೊನ್ನೆ ಸೋಮವಾರದಿಂದ ನನ್ನ ಎಡಗಾಲಿಗೆ ಕೆಲಸವಿಲ್ಲ. ಕಾಲು ಚೆನ್ನಾಗಿಯೇ ಇದೆ, ಕೆಲಸ ಹೋಗಿದೆ, ಅಷ್ಟೆ. ಇಪ್ಪತ್ತು ವರ್ಷ ಈ ಹೈದರಾಬಾದಿನ ಟ್ರಾಫಿಕ್ಕಿನಲ್ಲಿ ಕ್ಲಚ್ಚು ತುಳಿದು ಮೊಣಕಾಲು ಸವೆಸಿಕೊಂಡ ಮೇಲೆ, ಡಾಕ್ಟರ ಮಾತು ಕೇಳಿ ಆಟೊಮ್ಯಾಟಿಕ್ ಕಾರು ಕೊಂಡೆ. ಷೋರೂಮಿನಾತ ಕೀಲಿಕೈ ನನ್ನ ಕೈಗಿಡುತ್ತ, "ಇಂಕ ಮೀ ಎಡಮ ಕಾಲುಕಿ ಸೆಲವೇ ಮೇಡಂ" ಎಂದ. ಇನ್ನು ನಿಮ್ಮ ಎಡಗಾಲಿಗೆ ರಜೆ ಎಂದು. ದಿನಕ್ಕೆ ಹತ್ತು ಮಂದಿಗೆ ಹೇಳುವ ಮಾತಿರಬೇಕು. ಆದರೂ ನನ್ನ ಕಾಲು ಅದನ್ನು ಇನ್ನೂ ನಂಬಿಲ್ಲ. ಸಿಗ್ನಲ್ ಬಂದಾಗಲೆಲ್ಲ ಅಲ್ಲಿ ಇಲ್ಲದ ಕ್ಲಚ್ಚನ್ನು ಹುಡುಕಿ ಬರಿ ನೆಲವನ್ನು ಒತ್ತುತ್ತದೆ. ನಿವೃತ್ತರಾದವರು ಬೆಳಗ್ಗೆ ಎದ್ದು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಸುಮ್ಮನೆ ಕೂಡುವುದನ್ನು ನೀವು ನೋಡಿರಬಹುದು. ಹಾಗೆ.

ನಮ್ಮ ಮನೆಯಲ್ಲಿ ಎಡಗಾಲಿಗೆ ರಜೆ ಸಿಕ್ಕವರು ನನಗಿಂತ ಮೊದಲು ಒಬ್ಬರಿದ್ದರು, ನನ್ನ ಕಾಕಾ, ಅಪ್ಪನ ತಮ್ಮ. ಅವರಿಗೆ ರಜೆ ಕೊಟ್ಟದ್ದು ಲಕ್ವಾ.

ಕಾಕಾ ಲಿಂಗಂಪಲ್ಲಿಯ ಹತ್ತಿರ ಸರ್ಕಾರಿ ಕಾರ್ಖಾನೆಯೊಂದರಲ್ಲಿ ಫೋರ್ಮನ್. ವಿಜಾಪುರದ ಕಡೆಯಿಂದ ಇಪ್ಪತ್ತರ ವಯಸ್ಸಿಗೆ ಬಂದವರು. ಮಷೀನು ಓಡುವ ಸದ್ದು ಕೇಳಿಯೇ ಅದರ ಯಾವ ಹಲ್ಲು ಸವೆದಿದೆ ಎಂದು ಹೇಳುತ್ತಿದ್ದರು. ಅವರಿಗೂ ಅವರ ಹೆಂಡತಿ ಚಿಗವ್ವನಿಗೂ ಮಕ್ಕಳಿರಲಿಲ್ಲ. ಕಾರ್ಖಾನೆಯಲ್ಲಿ ಕಾಕಾನಿಂದ ಬೈಸಿಕೊಂಡು ಕೆಲಸ ಕಲಿತವರೆಲ್ಲ ಮಕ್ಕಳ ಲೆಕ್ಕ. ಅವರ ಹತ್ತಿರ ಒಂದು ಹಳೆಯ ಗೇರಿನ ಕಾರು ಇತ್ತು. "ಗೇರ ಹಾಕೂದು ಅಂದ್ರ ಮಶೀನಿನ ಜೋಡಿ ಮಾತಾಡೂದು. ಅದು ಕೇಳ್ತೈತಿ, ನಾವು ಹೇಳ್ತೀವಿ" ಎನ್ನುತ್ತಿದ್ದರು. ಹಿಂದಿನ ಸೀಟಿನಲ್ಲಿ ಕೂತ ನಮಗೆ ಅವರ ಆ ಸಂಭಾಷಣೆ ಕೇಳುತ್ತಿರಲಿಲ್ಲ. ಎದುರು ಬಂದ ಆಟೊದವರ ಜೊತೆ ನಡೆಯುತ್ತಿದ್ದದ್ದು ಮಾತ್ರ ಕೇಳುತ್ತಿತ್ತು.

ನಾನು ಅವರ ಕ್ವಾರ್ಟರ್ಸಿಗೆ ಬಂದು ಸೇರಿದ್ದು ಸಾಫ್ಟ್‌ವೇರ್ ಕಂಪನಿಗಳ ಭರಾಟೆಯ ದಿನಗಳಲ್ಲಿ. ಊರ ಪಶ್ಚಿಮಕ್ಕೆ ಬಂಡೆ ಒಡೆಯುವ ಸದ್ದು, ಬಂಡೆ ಹೋದ ಜಾಗದಲ್ಲಿ ಗಾಜಿನ ಕಟ್ಟಡ. ಅಂಥದೊಂದು ಕಟ್ಟಡದ ಮೂರನೇ ಅಂತಸ್ತಿನಲ್ಲಿ ನನಗೆ ಕೆಲಸ. ಸಾಫ್ಟ್‌ವೇರ್ ಬರೆಯುವುದಲ್ಲ, ಅದನ್ನು ಬಳಸುವುದು ಹೇಗೆ ಎಂದು ಕೈಪಿಡಿ ಬರೆಯುವುದು. ಅಂದರೆ ಯಾರೂ ಓದದ ಪುಸ್ತಕ ಬರೆಯುವುದು. ನಮ್ಮೂರಲ್ಲಿ ಮಾತ್ರ ಅವ್ವ, "ನಮ್ಮ ಹುಡುಗಿ ಹೈದರಾಬಾದಿನ್ಯಾಗ ಪುಸ್ತಕ ಬರೀತಾಳ" ಎಂದು ಹೇಳಿಕೊಂಡು ಬಂದಿದ್ದರಿಂದ ಎಲ್ಲರೂ ನನ್ನನ್ನು ಸಾಹಿತಿ ಎಂದೇ ತಿಳಿದಿದ್ದರು. ನಾನೂ ತಿದ್ದಲು ಹೋಗಲಿಲ್ಲ.

ನಾನು ಬಂದ ಆರನೇ ತಿಂಗಳಿಗೆ ಒಂದು ಬೆಳಗ್ಗೆ ಕಾಕಾ ಚಹಾದ ಕಪ್ಪನ್ನು ಎಡಗೈಯಿಂದ ಎತ್ತಲು ಹೋದರು. ಕಪ್ಪು ಏಳಲಿಲ್ಲ. ಕೆಳಗೆ ಬಿದ್ದವರು ಕಾಕಾ. ಆಸ್ಪತ್ರೆಯಲ್ಲಿ ಹದಿನೆಂಟು ದಿನ. ಮನೆಗೆ ಬರುವಾಗ ಎಡಗೈ ಎಡಗಾಲು ಎರಡೂ ಅವರ ಮಾತು ಕೇಳುತ್ತಿರಲಿಲ್ಲ. ಅದಕ್ಕಿಂತ ನಮಗೆ ಹೆದರಿಕೆ ಹುಟ್ಟಿಸಿದ್ದು ಬೇರೆ. ಕಾಕಾ ಮಾತು ಬಿಟ್ಟಿದ್ದರು. ಡಾಕ್ಟರು ಮತ್ತೆ ಮತ್ತೆ ನೋಡಿ, ನಾಲಿಗೆಗೆ ಏನೂ ಆಗಿಲ್ಲ, ಅವರಿಗೇ ಮಾತು ಬೇಡವಾಗಿದೆ ಅಷ್ಟೆ ಎಂದರು. ಬೇಕಾದ್ದಕ್ಕೆ ಕಣ್ಣು ಮುಚ್ಚುವುದು, ಬೇಡವಾದ್ದಕ್ಕೆ ಗೋಡೆಯ ಕಡೆ ಹೊರಳುವುದು, ಇಷ್ಟೇ. ಮೂವತ್ತು ವರ್ಷ ಬೈಗುಳದಿಂದ ಎಚ್ಚರವಾಗುತ್ತಿದ್ದ ಮನೆಯಲ್ಲಿ ಈಗ ಕುಕ್ಕರಿನ ಸೀಟಿಯೊಂದೇ ಗಂಡುದನಿ ಎಂದು ಚಿಗವ್ವ ಒಮ್ಮೆ ಅಂದಳು. ಹಾಗಂದವಳು ನಗಲಿಲ್ಲ.

ವಾರಕ್ಕೆ ಮೂರು ದಿನ ಕಾಲಿಗೆ ವ್ಯಾಯಾಮ ಮಾಡಿಸಲು ಬಂಜಾರಾ ಹಿಲ್ಸಿನ ಒಂದು ಕ್ಲಿನಿಕ್ಕಿಗೆ ಹೋಗಬೇಕಾಗಿತ್ತು. ನಡೆಯಲಾಗದವರಿಗೆ ನಡಿಗೆ ಕಲಿಸುವ ಆ ಕ್ಲಿನಿಕ್ಕನ್ನು ಯಾವ ಪುಣ್ಯಾತ್ಮರೋ ಊರಿನ ಅತಿ ಕಡಿದಾದ ಗಲ್ಲಿಯ ತುತ್ತತುದಿಯಲ್ಲಿ ಕಟ್ಟಿಸಿದ್ದರು. ಮೊದಲು ಆಟೊದಲ್ಲಿ ಹೋದೆವು. ಏರುದಾರಿಯ ಆ ಚಢಾವಿನ ನಡುವೆ ಆಟೊ ಕೆಮ್ಮಿ ನಿಂತು, ಡ್ರೈವರು ಹಿಂತಿರುಗಿ, "ದೋ ಜನಾ ಉತರ್ ಜಾವ್ ಅಮ್ಮಾ" ಎನ್ನುತ್ತಿದ್ದ. ಚಿಗವ್ವ ಮತ್ತು ನಾನು ಇಳಿದು ಹಿಂದೆ ನಡೆಯುತ್ತಿದ್ದೆವು. ಆಟೊದಲ್ಲಿ ಕಾಕಾ ಒಬ್ಬರೇ ಕೂತು ಮುಂದೆ ಮುಂದೆ, ಹಿಂದೆ ನಾವಿಬ್ಬರು ಮಡಚುವ ಗಾಲಿಕುರ್ಚಿ ಹೊತ್ತು. ಮೆರವಣಿಗೆಯಲ್ಲಿ ಇರಬೇಕಾದ್ದೆಲ್ಲ ಇತ್ತು, ಬ್ಯಾಂಡು ಒಂದಿರಲಿಲ್ಲ.

ಹೀಗಾಗಿ ಕಾಕಾನ ಕಾರನ್ನು ನಾನು ಓಡಿಸುವುದೆಂದು ತೀರ್ಮಾನವಾಯಿತು. ಹಿಮಾಯತ್‌ನಗರದ ಡ್ರೈವಿಂಗ್ ಸ್ಕೂಲಿನಲ್ಲಿ ನಾನು ಲೈಸೆನ್ಸ್ ಪಡೆದಿದ್ದೆ. ಅಲ್ಲಿ ಕಲಿಸಿದ್ದೆಲ್ಲ ಸಪಾಟು ರಸ್ತೆಯಲ್ಲಿ. ಭೂಮಿ ವಾರೆಯಾದರೆ ಏನು ಮಾಡಬೇಕೆಂದು ನಾನು ಕೇಳಿರಲಿಲ್ಲ, ಅವರು ಹೇಳಿರಲಿಲ್ಲ. ಮೊದಲ ದಿನವೇ ಚಢಾವಿನ ಕಾಲು ಭಾಗದಲ್ಲಿ ಎದುರಿಗೆ ನೀರಿನ ಟ್ಯಾಂಕರ್ ಬಂತು. ಬ್ರೇಕು ಹಾಕಿದೆ. ಮತ್ತೆ ಹೊರಡಲು ಕ್ಲಚ್ಚು ಬಿಟ್ಟೆ. ಎಂಜಿನ್ ಸತ್ತಿತು, ಕಾರು ಬಹಳ ಸಾವಕಾಶವಾಗಿ, ಯಾರಿಗೂ ತೊಂದರೆ ಕೊಡಬಾರದೆನ್ನುವ ಹಾಗೆ, ಹಿಂದಕ್ಕೆ ಹೊರಟಿತು. ಗುಡ್ಡದ ಬುಡದಲ್ಲಿ ಹೂಗಿಡ ಮಾರುವ ಒಬ್ಬ ಮುದುಕರ ನರ್ಸರಿ ಇತ್ತು. ಏಳು ಕುಂಡಗಳು ಒಡೆದವು. ಮುದುಕರು ಎದ್ದು ಬಂದು, ಕಿಟಕಿಯಲ್ಲಿ ಬಗ್ಗಿ, ಬಹಳ ಮರ್ಯಾದೆಯಿಂದ, "ಪೀಛೆ ಆನಾ ಥಾ ತೋ ಬೋಲ್ನಾ ಥಾ ನಾ ಅಮ್ಮಾ, ಗಮ್ಲೆ ಹಟಾ ದೇತಾ ಥಾ" ಎಂದರು. ಹಿಂದೆ ಬರುವುದಿದ್ದರೆ ಮೊದಲೇ ಹೇಳಬಾರದೇ, ಕುಂಡ ಸರಿಸುತ್ತಿದ್ದೆನಲ್ಲ ಎಂದು. ಬೈದಿದ್ದರೆ ಚೆನ್ನಾಗಿತ್ತು. ಪಕ್ಕದಲ್ಲಿ ಕಾಕಾ ಕಣ್ಣು ಮುಚ್ಚಿ ಕೂತಿದ್ದರು. ಇದಕ್ಕೂ ಬೈಯಲಿಲ್ಲವೆಂದರೆ ಇನ್ನು ಯಾವುದಕ್ಕೂ ಬೈಯಲಾರರು ಎಂದು ನನಗೆ ಅವತ್ತು ಅಳು ಬಂತು.

ನಾನು ಮತ್ತೆ ಸ್ಟೇರಿಂಗ್ ಮುಟ್ಟುವುದಿಲ್ಲವೆಂದೆ. ಚಿಗವ್ವ ಮೂರನೇ ದಿನ ರೊಟ್ಟಿ ಬಡಿಯುತ್ತ, "ಗೇರ ಇಲ್ಲದ ಗಾಡಿ ಇರ್ತಾವಂತಲ್ಲ?" ಎಂದಳು.

"ಇರ್ತಾವ. ಆದ್ರ ಯಾರ ಹೊಡೀತಾರ?"

"ನಾ ಹೊಡೀತೀನಿ. ಹನ್ನೆರಡು ವರ್ಷ ಮೊಪೆಡ್ ಹೊಡದೀನಿ. ಅದಕ್ಕೇನು ಗೇರ ಇತ್ತೇನು? ಇದಕ್ಕ ಎರಡು ಗಾಲಿ ಹೆಚ್ಚು, ಅಷ್ಟ ಹೌದಿಲ್ಲೋ?"

ಚಿಗವ್ವನಿಗೆ ಆಗ ಐವತ್ತೊಂದು. ಆಗಿನ ಹೈದರಾಬಾದಿನಲ್ಲಿ ಆಟೊಮ್ಯಾಟಿಕ್ ಕಾರು ಹುಡುಕುವುದೆಂದರೆ ಬೇಸಿಗೆಯಲ್ಲಿ ಸೀತಾಫಲ ಹುಡುಕಿದ ಹಾಗೆ. ಕೊನೆಗೆ ನನ್ನ ಕಂಪನಿಯ ಹಿರಿಯರೊಬ್ಬರು ವರ್ಗವಾಗಿ ಹೋಗುವಾಗ ಮಾರಲಿಟ್ಟ ಬಿಳಿ ಕಾರೊಂದು ಸಿಕ್ಕಿತು. ಗೇರಿಲ್ಲದ ಗಾಡಿ ಎಂದು ಯಾರೂ ಮುಟ್ಟಿರಲಿಲ್ಲ. ಮನೆಯ ಮುಂದೆ ಅದು ಬಂದು ನಿಂತಾಗ ಕಾಕಾನನ್ನು ಕುರ್ಚಿಯಲ್ಲಿ ಹೊರಗೆ ತಂದು ತೋರಿಸಿದೆವು. ಕ್ಲಚ್ಚಿಲ್ಲದ ಆ ಜಾಗವನ್ನು ಒಂದು ನಿಮಿಷ ನೋಡಿದರು. ಆಮೇಲೆ ಗೋಡೆಯ ಕಡೆ ತಿರುಗಲು ಗೋಡೆ ಇಲ್ಲದ್ದರಿಂದ ಬೇವಿನ ಗಿಡದ ಕಡೆ ತಿರುಗಿದರು.

ಚಿಗವ್ವ ಕಲಿತದ್ದು ಕಾಲೊನಿಯ ಆಟದ ಮೈದಾನದಲ್ಲಿ, ನಸುಕಿನಲ್ಲಿ. ಕಲಿಸಲು ಯಾರೂ ಇರಲಿಲ್ಲ. ಡ್ರೈವಿಂಗ್ ಸ್ಕೂಲಿನವರು ಆ ಕಾರನ್ನು ನೋಡಿ ಕೈಮುಗಿದಿದ್ದರು. ಕಾರಿನ ಕೈಪಿಡಿ ಇತ್ತು. ನಾನು ಪಕ್ಕದಲ್ಲಿ ಕೂತು ಅದನ್ನು ಓದಿ ಹೇಳುವುದು, ಚಿಗವ್ವ ಮಾಡುವುದು. ನನ್ನ ವೃತ್ತಿಜೀವನದಲ್ಲಿ ಒಬ್ಬರು ಕೈಪಿಡಿಯಲ್ಲಿ ಬರೆದಂತೆ ನಡೆದುಕೊಂಡದ್ದನ್ನು ಕಂಡದ್ದು ಅದೇ ಮೊದಲು, ಅದೇ ಕೊನೆ. ಕಾಕಾನನ್ನು ಒಬ್ಬರೇ ಮನೆಯಲ್ಲಿ ಬಿಡುವಂತಿರಲಿಲ್ಲ. ಮೈದಾನದ ಅಂಚಿನಲ್ಲಿ ಅವರ ಕುರ್ಚಿ ನಿಲ್ಲಿಸಿ, ಶಾಲು ಹೊದಿಸಿ ಕೂಡಿಸುತ್ತಿದ್ದೆವು. ಅವರು ಕಣ್ಣು ಮುಚ್ಚಿಯೇ ಇರುತ್ತಿದ್ದರು.

ಗೇರಿನ ಹಿಡಿಕೆಯ ಪಕ್ಕದ ಇಂಗ್ಲಿಷ್ ಅಕ್ಷರಗಳಿಗೆ ಚಿಗವ್ವ ತನ್ನದೇ ಅರ್ಥ ಮಾಡಿಕೊಂಡಳು. ಮೈದಾನಕ್ಕೆಲ್ಲ ಕೇಳುವಂತೆ ಅವನ್ನು ಬಾಯಿಪಾಠ ಹೇಳುತ್ತಿದ್ದಳು. "ಪಿ ಅಂದ್ರ ಪಡ್ಕೊ. ಆರ್ ಅಂದ್ರ ರಿವರ್ಸು, ಅದು ನನಗ ಗೊತ್ತೈತಿ. ಎನ್ ಅಂದ್ರ ನಮಗ್ಯಾಕ ಬೇಕು. ಡಿ ಅಂದ್ರ ದೌಡು. ಎರಡು ಅಂದ್ರ ಎರಡು." ಎಲ್ ಬಂದಾಗ ನಿಂತಳು. ಎಲ್‌ಗೆ ಹಾಕಿ ಮೈದಾನ ಒಂದು ಸುತ್ತು ಬಂದಳು. ಎಷ್ಟು ಒತ್ತಿದರೂ ಕಾರು ಗುರ್ರೆನ್ನುತ್ತಿತ್ತೇ ಹೊರತು ಓಡಲಿಲ್ಲ. "ಹಿಂದ ಯಾರೋ ಹಿಡಕೊಂಡಂಗ ಆಕೈತಿ ನೋಡ. ಎಲ್ ಅಂದ್ರ ಲಗಾಮು."

"ಲೋ ಅಂತ ಬರದೈತಿ ಚಿಗವ್ವ."

"ಲೋ ಅಂದ್ರ ಯಾರಿಗೆ ತಿಳೀತೈತಿ? ಲಗಾಮು ಅಂತ ಬರಿ."

ನಾನು ಪೆನ್ಸಿಲಿನಿಂದ ಬರೆದೆ. ಕೈಪಿಡಿ ಬರೆಯುವವರು ನಮ್ಮ ಆಫೀಸಿನಲ್ಲಿ ಹನ್ನೊಂದು ಮಂದಿ ಇದ್ದೆವು. ಒಬ್ಬರಿಗೂ ಇಂಥ ಪದ ಹೊಳೆಯುತ್ತಿರಲಿಲ್ಲ.

ಗುಡ್ಡ ಹತ್ತುವುದು ಹೇಗೆಂಬ ಪುಟವನ್ನು ನಾಲ್ಕು ಸಲ ಓದಿ ಹೇಳಿದೆ. ಕಡಿದಾದ ಏರಿಗೆ ಎಲ್, ನಿಲ್ಲಬೇಕಾದರೆ ಹ್ಯಾಂಡ್‌ಬ್ರೇಕು, ಆಕ್ಸಿಲರೇಟರ್ ಒತ್ತಿಕೊಂಡು ಗಾಡಿಯನ್ನು ಏರಿನಲ್ಲಿ ಹಿಡಿದು ನಿಲ್ಲಿಸಬಾರದು, ಹೀಗೆ. ಇಳಿಯುವುದರ ಪುಟ ಇನ್ನೆಲ್ಲೋ ಹಿಂದೆ ಇತ್ತು. ಅದನ್ನು ನಾನು ಓದಲಿಲ್ಲ. ಏರಿದವರು ಹೇಗೂ ಇಳಿಯುತ್ತಾರೆ, ಅದಕ್ಕೆ ಓದುವುದೇನಿದೆ ಎಂದುಕೊಂಡಿದ್ದೆ.

ಚಿಗವ್ವ ಮೊದಲ ದಿನವೇ ಗುಡ್ಡ ಹತ್ತಿದಳು. ಸೆರಗು ಸೊಂಟಕ್ಕೆ ಸಿಕ್ಕಿಸಿ, ತುಟಿ ಬಿಗಿದು, ಲಗಾಮಿಗೆ ಹಾಕಿ ಏರಿಸಿಬಿಟ್ಟಳು. ನರ್ಸರಿಯ ಮುದುಕರು ನಮ್ಮ ಕಾರು ಕಂಡು ಎದ್ದುನಿಂತು ಎರಡು ಕುಂಡ ಒಳಗಿಟ್ಟರು. ಮೂರನೇ ವಾರದ ಹೊತ್ತಿಗೆ ಅವರೂ ಏಳುವುದನ್ನು ಬಿಟ್ಟರು.

ಮೂರನೇ ವಾರದ ಒಂದು ಶುಕ್ರವಾರ, ಇಳಿಯುವಾಗ, ನಮ್ಮ ಮುಂದೆ ಶಾಲೆಯ ಬಸ್ಸೊಂದು ಸಿಕ್ಕಿತು. ಅದು ಮನೆ ಮನೆಯ ಮುಂದೆ ನಿಲ್ಲುತ್ತ ಇಳಿಯುತ್ತಿತ್ತು. ಅದರ ಹಿಂದೆ ಚಿಗವ್ವ, ಡಿಯಲ್ಲೇ, ಬ್ರೇಕಿನ ಮೇಲಿನ ಕಾಲು ತೆಗೆಯದೆ. ಅರ್ಧ ಗುಡ್ಡ ಇಳಿದಾಗ ಬಸ್ಸು ಎಡಕ್ಕೆ ತಿರುಗಿ ಹೋಯಿತು. ದಾರಿ ಬಯಲಾಯಿತು. ಅದೇ ಹೊತ್ತಿಗೆ ಕಾರಿನ ತುಂಬ ಸುಟ್ಟ ರಬ್ಬರಿನಂಥ ಘಾಟು.

"ಏ ಹುಡುಗಿ, ಬ್ರೇಕ ಮೆತ್ತಗ ಆಗೈತಿ" ಎಂದಳು ಚಿಗವ್ವ. ದನಿ ಏರಿರಲಿಲ್ಲ. ಬೇಳೆ ಮೆತ್ತಗಾಗಿದೆ ಎನ್ನುವ ಹಾಗೆ ಹೇಳಿದಳು. ಆದರೆ ಕಾರಿನ ವೇಗ ಏರುತ್ತಿತ್ತು. ಗಲ್ಲಿಯ ಕೊನೆಗೆ ಮುಖ್ಯ ರಸ್ತೆ, ಅಲ್ಲಿ ಕೋಠಿಯ ಕಡೆಗೆ ಹೋಗುವ ಸಿಟಿ ಬಸ್ಸುಗಳು ಒಂದರ ಹಿಂದೆ ಒಂದು. ಹಿಂದಿನ ಸೀಟಿನಲ್ಲಿ ನಾನು ಏನು ಮಾಡಿದೆ ಎಂದು ಕೇಳುತ್ತೀರಾ? ಕೈಪಿಡಿ ತೆರೆದೆ. ಬ್ರೇಕು ಎಂಬುದರ ಕೆಳಗೆ ಹುಡುಕಬೇಕೋ, ಗುಡ್ಡ ಎಂಬುದರ ಕೆಳಗೋ ಎಂದು ಪರಿವಿಡಿ ನೋಡುತ್ತಿದ್ದೆ. ಇದನ್ನು ಈವರೆಗೆ ಯಾರಿಗೂ ಹೇಳಿಲ್ಲ.

ಚಿಗವ್ವನ ಎರಡೂ ಕೈ ಸ್ಟೇರಿಂಗಿಗೆ ಅಂಟಿಕೊಂಡಿದ್ದವು. ಬ್ರೇಕನ್ನು ಒತ್ತಿ ಒತ್ತಿ ಅವಳ ಇಡೀ ಮೈ ಸೀಟಿನಿಂದ ಎದ್ದಿತ್ತು.

"ಲಗಾಮ ಹಾಕ, ಹುಚ್ಚಿ!"

ನಾಲ್ಕು ತಿಂಗಳಿಂದ ಬಳಸದ ಗಂಟಲು, ತುಕ್ಕು ಹಿಡಿದ ಕದ ತೆಗೆದಂಥ ದನಿ. ಎಡಗಡೆಯ ಸೀಟಿನಲ್ಲಿ ಕೂತ ಕಾಕಾನ ಬಲಗೈ, ಅವರ ಸರಿಯಾದ ಕೈ, ಗೇರಿನ ಹಿಡಿಕೆಯ ಪಕ್ಕದಲ್ಲೇ ಇತ್ತು. ಚಿಗವ್ವನ ಕೈಗೆ ಕಾಯಲಿಲ್ಲ. ತಾವೇ ಹಿಡಿಕೆ ಎಳೆದು ಎರಡಕ್ಕೆ ತಂದರು, ಒಂದು ಕ್ಷಣ ಕಿವಿಗೊಟ್ಟು ಎಂಜಿನ್ನಿನ ಸದ್ದು ಕೇಳಿದರು, ಆಮೇಲೆ ಎಲ್‌ಗೆ ಎಳೆದರು. ಎಂಜಿನ್ ಅರಚಿತು. ಹಿಂದಿನಿಂದ ಯಾರೋ ನಿಜವಾಗಿಯೂ ಹಿಡಿದೆಳೆದ ಹಾಗೆ ನಾವು ಮೂವರೂ ಮುಂದಕ್ಕೆ ಬಾಗಿದೆವು. ಕಾರು ನಿಧಾನವಾಯಿತು. "ಎಡಕ್ಕ ತಗೊ, ಉಸುಕಿನ ಮ್ಯಾಲ" ಎಂದರು ಕಾಕಾ. ಯಾರದೋ ಮನೆ ಕಟ್ಟಲು ಹಾಕಿದ್ದ ಉಸುಕಿನ ರಾಶಿಗೆ ಮೂತಿ ಒತ್ತಿ ಕಾರು ನಿಂತಿತು. ಹ್ಯಾಂಡ್‌ಬ್ರೇಕನ್ನೂ ಎಳೆದವರು ಕಾಕಾ.

ಮುಖ್ಯ ರಸ್ತೆ ಇಪ್ಪತ್ತು ಹೆಜ್ಜೆ ದೂರದಲ್ಲಿತ್ತು.

ಆಮೇಲೆ ಮಾತಾಡಿದವರು ಕಾಕಾ ಒಬ್ಬರೇ. "ಬ್ರೇಕಿನ ಮ್ಯಾಲ ಕಾಲಿಟ್ಟು ಗುಡ್ಡ ಇಳೀತಾರೇನ? ಅದೂ ಕಬ್ಬಣ ಹೌದಿಲ್ಲೋ, ಕಾಯಂಗಿಲ್ಲೇನು? ಏರಾಕ ಯಾವ ಗೇರು, ಇಳ್ಯಾಕ ಅದ ಗೇರು, ಎತ್ತಿನ ಗಾಡಿ ಹೊಡ್ಯಾವ್ರಿಗೂ ಗೊತ್ತೈತಿ ಇದು. ಮತ್ತ ನೀ, ಪುಸ್ತಕದಾಕಿ! ಏನ್ ಓದಾಕತ್ತಿದ್ದಿ ಅಲ್ಲಿ, ಪುರಾಣ?" ನಾಲ್ಕು ತಿಂಗಳ ಬಾಕಿ ಬೈಗುಳವನ್ನೆಲ್ಲ ಉಸುಕಿನ ರಾಶಿಯ ಮುಂದೆ ಕೂತು ತೀರಿಸಿದರು. ನಡುನಡುವೆ ಉಸಿರು ಸಾಲದೆ ನಿಲ್ಲುತ್ತಿದ್ದರು. ಅವರು ನಿಂತಾಗಲೆಲ್ಲ ಚಿಗವ್ವ ಸೆರಗಿನಿಂದ ಕಣ್ಣೊರೆಸಿಕೊಂಡು, "ಬೈರಿ, ಇನ್ನೂ ಬೈರಿ" ಎನ್ನುತ್ತಿದ್ದಳು. ಉಸುಕಿನ ಮನೆಯವರು ಹೊರಗೆ ಬಂದು ಹಿಂದಿಯಲ್ಲಿ ಏನಾಯಿತೆಂದು ಕೇಳಿದರು. ನಮ್ಮ ಕಾಕಾ ಮಾತಾಡುತ್ತಿದ್ದಾರೆ ಎಂದೆ. ಅವರು ನನ್ನನ್ನು ವಿಚಿತ್ರವಾಗಿ ನೋಡಿದರು.

ಲಗಾಮು ಎಂಬ ಪದ ಕಾಕಾನಿಗೆ ಹೇಗೆ ಗೊತ್ತಾಯಿತೆಂದು ನನಗೆ ಹೊಳೆದದ್ದು ಮನೆಗೆ ಬಂದ ಮೇಲೆ. ಮೈದಾನದ ಅಂಚಿನಲ್ಲಿ, ಶಾಲು ಹೊದ್ದು, ಕಣ್ಣು ಮುಚ್ಚಿ ಕೂತಿದ್ದ ಮನುಷ್ಯ ಒಂದೊಂದು ಅಕ್ಷರವನ್ನೂ ಕೇಳಿಸಿಕೊಂಡಿದ್ದರು.

ಬ್ರೇಕು ರಿಪೇರಿಯಾದ ಮೇಲೆ ಚಿಗವ್ವನಿಗೆ ಯಾರ ಸಹಾಯವೂ ಬೇಕಿರಲಿಲ್ಲ. ಎಲ್‌ಗೆ ಯಾವಾಗ ಹಾಕಬೇಕೆಂದು ತಿಳಿದಿತ್ತು. ಆದರೂ ಅವತ್ತಿನಿಂದ ಆ ಹಿಡಿಕೆ ಕಾಕಾನ ವಶಕ್ಕೆ ಹೋಯಿತು. ಚಿಗವ್ವ ಸ್ಟೇರಿಂಗು ಮತ್ತು ಪೆಡಲು, ಕಾಕಾ ಗೇರು. ಗೇರು ಹಾಕುವ ಕಷ್ಟವೇ ಬೇಡವೆಂದು ದೂರದ ದೇಶದಲ್ಲಿ ಜಾಣರು ಕಂಡುಹಿಡಿದ ಕಾರಿಗೆ ನಮ್ಮ ಮನೆಯಲ್ಲಿ ಗೇರು ಹಾಕಲೆಂದೇ ಬೇರೆ ಒಬ್ಬ ಮನುಷ್ಯ ಇದ್ದರು. ಇಬ್ಬರೂ ದಾರಿಯುದ್ದಕ್ಕೂ ಜಗಳಾಡುತ್ತಿದ್ದರು. "ಈಗ ಯಾಕ ಹಾಕಿದ್ರಿ, ಇನ್ನೂ ಇಳಿಜಾರ ಬಂದಿಲ್ಲ." "ಎಂಜಿನ್ ಕೇಳಾಕತ್ತೈತಿ, ನಿನಗ ಕೇಳಸಂಗಿಲ್ಲ." ಕ್ಲಿನಿಕ್ಕಿನ ಡಾಕ್ಟರಮ್ಮ ಒಂದು ದಿನ, ಇವರಲ್ಲಿ ಇಷ್ಟು ಬೇಗ ಸುಧಾರಣೆ ಹೇಗೆ ಎಂದು ನನ್ನನ್ನು ಕೇಳಿದರು. ಗುಡ್ಡ ಹತ್ತಿ ಇಳಿಯುವುದರಿಂದ ಎಂದೆ. ಅವರು ಅದನ್ನು ವ್ಯಾಯಾಮ ಎಂದು ತಿಳಿದು ಚೀಟಿಯಲ್ಲಿ ಬರೆದುಕೊಂಡರು.

ವರ್ಷ ಕಳೆಯಿತು. ಕಾಕಾ ಕೋಲು ಹಿಡಿದು ನಡೆಯುವಂತಾದರು. ಎಡಗೈಗೆ ಹಿಡಿಕೆ ಹಿಡಿಯುವಷ್ಟು ಬಲ ಬಂತು. ಬಲಗಾಲಿಗೆ ಮೊದಲೂ ಏನೂ ಆಗಿರಲಿಲ್ಲ. ಡಾಕ್ಟರಮ್ಮ, ಇನ್ನು ಬೇಕಾದರೆ ಆಟೊಮ್ಯಾಟಿಕ್ ಓಡಿಸಬಹುದು ಎಂದು ಕಾಗದದ ಮೇಲೆ ಬರೆದುಕೊಟ್ಟರು. ಕ್ಲಿನಿಕ್ಕಿಗೆ ಕೊನೆಯ ಸಲ ಹೋಗಬೇಕಾದ ದಿನ ಬೆಳಗ್ಗೆ ಕಾಕಾ ಕೈ ಚಾಚಿದರು. ಚಿಗವ್ವ ಕೀಲಿಕೈ ಕೊಟ್ಟಳು.

ಕಾಕಾ ಬಹಳ ಚೆನ್ನಾಗಿ ಓಡಿಸಿದರು. ಗುಡ್ಡವನ್ನು ಹಾರ್ನ್ ಕೂಡ ಹಾಕದೆ ಹತ್ತಿಸಿದರು. ನಾನು ಹಿಂದೆ ಕೂತು ನೋಡುತ್ತಿದ್ದೆ. ಎಡಗಡೆಯ ಸೀಟಿನಲ್ಲಿ ಚಿಗವ್ವ ಪರ್ಸು ತೊಡೆಯ ಮೇಲಿಟ್ಟುಕೊಂಡು ಕಿಟಕಿಯ ಹೊರಗೆ ನೋಡುತ್ತಿದ್ದಳು. ಕೈಗೆ ಏನು ಮಾಡಬೇಕೆಂದು ತಿಳಿಯದೆ ಪರ್ಸಿನ ಜಿಪ್ಪನ್ನು ತೆಗೆಯುತ್ತಿದ್ದಳು, ಹಾಕುತ್ತಿದ್ದಳು. ಮುಖ ಸಿಂಡರಿಸಿಕೊಂಡಿರಲಿಲ್ಲ, ಜಗಳಾಡಲಿಲ್ಲ, ಅಷ್ಟೆ. ಕಾಕಾ ಎರಡು ಸಲ ಅವಳ ಕಡೆ ನೋಡಿದ್ದನ್ನು ಕನ್ನಡಿಯಲ್ಲಿ ಕಂಡೆ.

ಮೇಲೆ ಹೋಗಿ ಕಾರು ನಿಲ್ಲಿಸಿ, ಕೋಲೂರಿ ಇಳಿದು, ಸುತ್ತು ಹಾಕಿ ಬಂದು ಚಿಗವ್ವನ ಬಾಗಿಲು ತೆಗೆದರು. ಕೀಲಿಕೈಯನ್ನು ಅವಳ ಪರ್ಸಿನ ಮೇಲಿಟ್ಟರು.

"ಯಾಕ್ರಿ? ಛಲೋ ಹೊಡದ್ರಲ್ಲ" ಎಂದಳು ಚಿಗವ್ವ.

"ಇದ್ರಾಗ ಮಾಡಾಕ ಏನೈತಿ? ಭಾಳ ಸುಲಭ ಐತಿ. ಇಂಥಾ ಗಾಡಿ ನನಗ ಬ್ಯಾಡ. ನೀನ ಹೊಡಿ."

ಚಿಗವ್ವ ಅದನ್ನು ಕಾರಿಗೆ ಬೈದದ್ದೆಂದೇ ತಿಳಿದಳು. ನಾನೂ ಹಾಗೆಯೇ ತಿಳಿದೆ, ಬಹಳ ವರ್ಷ. ಇಳಿಯುವಾಗ ಅವಳು ಸ್ಟೇರಿಂಗಿನಲ್ಲಿ, ಹಿಡಿಕೆಯ ಮೇಲೆ ಅವರ ಕೈ. ಬುಡ ಮುಟ್ಟುವವರೆಗೆ ಜಗಳ. ಆಮೇಲೆ ಕಾಕಾ ಬದುಕಿದಷ್ಟು ವರ್ಷ ಚಿಗವ್ವನೇ ಓಡಿಸಿದಳು. ಕಾಕಾ ಮತ್ತೆ ಒಂದು ದಿನವೂ ಸ್ಟೇರಿಂಗಿನ ಸೀಟಿನಲ್ಲಿ ಕೂಡಲಿಲ್ಲ.

ನಾನು ಮಾತ್ರ ಆಮೇಲೆ ಹಟಕ್ಕೆ ಬಿದ್ದು ಗೇರಿನ ಕಾರು ಕಲಿತೆ, ಗೇರಿನ ಕಾರನ್ನೇ ಓಡಿಸಿದೆ. ಏಳು ಕುಂಡಗಳ ಋಣ ತೀರಿಸಲು ಇಪ್ಪತ್ತು ವರ್ಷ ಬೇಕಾಯಿತು. ಸುಲಭದ ಗಾಡಿ ಎಂದರೆ ಸೋತವರ ಗಾಡಿ ಎಂದು ಒಳಗೆಲ್ಲೋ ಕೂತಿತ್ತು. ಅದನ್ನು ಕೂಡಿಸಿದ್ದು ಕಾಕಾ ಅವತ್ತು ಆಡಿದ ಮಾತು. ಕೀಲಿಕೈ ಯಾರ ಪರ್ಸಿನ ಮೇಲೆ ಬಿತ್ತು ಎಂಬುದನ್ನು ಬಿಟ್ಟು ಮಾತನ್ನಷ್ಟೇ ನೆನಪಿಟ್ಟುಕೊಂಡಿದ್ದೆ. ಓದುವ ಪುಟ ಬಿಟ್ಟು ಬೇರೆ ಪುಟ ಓದುವುದು ನನ್ನ ಹಳೆಯ ರೋಗ.

ಇವತ್ತು ಭಾನುವಾರ, ಬೆಳಗ್ಗೆ ಹೊಸ ಕಾರನ್ನು ಆ ಗಲ್ಲಿಗೆ ತಂದೆ. ಬುಡದಲ್ಲಿ ನರ್ಸರಿ ಇಲ್ಲ, ಕಾಫಿ ಅಂಗಡಿ ಇದೆ. ಒಡೆಯಲು ಕುಂಡಗಳಿಲ್ಲದಿದ್ದರೂ ಕನ್ನಡಿಯಲ್ಲಿ ಹಿಂದೆ ನೋಡಿಕೊಂಡೆ. ನಡುವೆ ಒಮ್ಮೆ ನಿಂತೆ, ಮತ್ತೆ ಹೊರಟೆ. ಕಾರು ಒಂದು ಬೆರಳಿನಷ್ಟೂ ಹಿಂದಕ್ಕೆ ಜಾರಲಿಲ್ಲ. ತುದಿಯಲ್ಲಿ ಕ್ಲಿನಿಕ್ಕಿದ್ದ ಜಾಗದಲ್ಲಿ ನಿಲ್ಲಿಸಿ ಚಿಗವ್ವನಿಗೆ ಫೋನ್ ಮಾಡಿದೆ. ಈಗ ಎಪ್ಪತ್ತು ದಾಟಿ ಕೆಲವು ವರ್ಷ, ಲಿಂಗಂಪಲ್ಲಿ ಸ್ಟೇಶನ್ನಿನ ಹತ್ತಿರದ ಫ್ಲ್ಯಾಟಿನಲ್ಲಿದ್ದಾಳೆ. ಕಣ್ಣಿನ ಆಪರೇಷನ್ ಆಗುವವರೆಗೂ ತಾನೇ ಕಾರು ಓಡಿಸುತ್ತಿದ್ದಳು.

"ಚಿಗವ್ವ, ಗುಡ್ಡ ಹತ್ತಿದೆ" ಎಂದೆ.

"ಇಳದಿ?"

"ಇನ್ನೂ ಇಲ್ಲ."

"ಮತ್ತ ಫೋನ್ ಯಾಕ ಮಾಡೀದಿ? ಇಳದ ಮ್ಯಾಲ ಮಾಡು." ಆಮೇಲೆ ಕೇಳಿದಳು. "ಬಾಜೂಕ ಯಾರ ಕುಂತಾರ?"

"ಯಾರೂ ಇಲ್ಲ."

ಆ ಕಡೆ ಕುಕ್ಕರಿನ ಸೀಟಿ ಕೇಳಿಸಿತು.

"ಹಂಗಾರ ಸಾವಕಾಶ ಇಳಿ ಹುಡುಗಿ," ಎಂದಳು ಚಿಗವ್ವ. "ಬೈಯ್ಯಾವ್ರು ಯಾರೂ ಇಲ್ಲ."